ಅಜ್ಜನನ್ನು ಅರೆದ ಶಾಂತಾದೇವಿ

ಹಳಿಯಾಳದ ನಮ್ಮ ಓಣಿಯಲ್ಲಿ ಶಾಂತಾದೇವಿಯವರನ್ನು ಮನೆಗೆ ಕರೆಯುವ ಮುಂಚೆ ಜನ ತಮ್ಮ ಅಡುಗೆಮನೆಯನ್ನೊಮ್ಮೆ ನೋಡಿಕೊಳ್ಳುತ್ತಾರೆ. ಯಾರ ಮನೆಗೇ ಹೋಗಲಿ, ಅವರು ಪಡಸಾಲೆಯಲ್ಲಿ ಹತ್ತು ನಿಮಿಷ ಕೂರುತ್ತಾರೆ. ಹನ್ನೊಂದನೆಯ ನಿಮಿಷಕ್ಕೆ ಆ ಮನೆಯ ಒಲೆಯ ಮುಂದಿರುತ್ತಾರೆ. ಅದು ಅವರ ತಪ್ಪಲ್ಲ, ಕೈಯ ತಪ್ಪು. ಸರಕಾರಿ ಶಾಲೆಯೊಂದರಲ್ಲಿ ಅವರು ಬಿಸಿಯೂಟದ ಮುಖ್ಯ ಅಡುಗೆಯವರು. ಹದಿನೆಂಟು ವರ್ಷದಿಂದ ದಿನಾ ಮುನ್ನೂರು ಮಕ್ಕಳಿಗೆ ಬೇಯಿಸಿ ಬೇಯಿಸಿ ಆ ಕೈಗಳಿಗೆ ಸುಮ್ಮನಿರುವುದೇ ಮರೆತುಹೋಗಿದೆ. ಒಮ್ಮೆ ಸಾವಿನ ಮನೆಗೆ ಮಾತನಾಡಿಸಲು ಹೋದವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಒಳಗೆ ನಡೆದು ಸಾರಿನ ಹುಳಿ ಸರಿಮಾಡಿ ಬಂದಿದ್ದರು. ಸತ್ತವರ ಮಗ ಇವತ್ತಿಗೂ ಆ ಸಾರನ್ನು ನೆನೆದು ಅಳುತ್ತಾನೆ.

ಅವರ ಎರಡನೆಯ ಗುಣ ಅಭಿಪ್ರಾಯ. ಅಡುಗೆಮನೆಯ ಕಟ್ಟೆಯ ಮೇಲೆ ಜೀರಿಗೆ, ಸಾಸಿವೆ, ಅರಿಷಿಣದ ಡಬ್ಬಿಗಳಿರುವಂತೆ ಅವರ ತಲೆಯಲ್ಲಿ ಒಂದೊಂದು ಜನಕ್ಕೆ ಒಂದೊಂದು ಡಬ್ಬಿ. ಮುಚ್ಚಳ ತೆಗೆದರೆ ಸಾಕು. ಮುಂಡಗೋಡದ ಟಿಬೇಟಿನವರು ಸ್ವೆಟರ್ ಹಾಕಿಕೊಂಡೇ ಹುಟ್ಟುತ್ತಾರೆ. ಅನಮೋಡದ ಗೇಟಿನ ಆಚೆಯ ಗೋವಾದವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹಾಸಿಗೆಗೆ ಬೆಂಕಿ ಬಿದ್ದರೂ ಏಳುವುದಿಲ್ಲ. ಅಂಬಿಕಾನಗರದ ವಿದ್ಯುತ್ ನಿಗಮದ ಕ್ವಾರ್ಟರ್ಸಿನಲ್ಲಿ ಬೆಳೆದ ಮಕ್ಕಳಿಗೆ ಕರೆಂಟು ಹೋದರೆ ಮಾತೂ ಹೋಗುತ್ತದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಚಮಚ ಕೊಡದಿದ್ದರೆ ಬಾಯಿ ಎಲ್ಲಿದೆಯೆಂದು ಸಿಗುವುದಿಲ್ಲ. ಈ ಕೊನೆಯದನ್ನು ಅವರು ನನ್ನ ತಟ್ಟೆಗೆ ಪಲ್ಯ ಬಡಿಸುತ್ತ ಹೇಳಿದ್ದು. ಅವರ ಪಲ್ಯದ ಮುಂದೆ ಮಾನ ಯಾವ ಲೆಕ್ಕ ಎಂದು ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಸಿದ್ದಿಯವರ ಡಬ್ಬಿಯಲ್ಲಿ ಇದ್ದದ್ದು ಇಷ್ಟು: ಓಡುತ್ತಾರೆ, ಕುಣಿಯುತ್ತಾರೆ, ಡಮಾಮಿ ಡೋಲು ಬಾರಿಸುತ್ತಾರೆ, ಬಿಡುವಾದಾಗ ಜೇನು ಬಿಡಿಸುತ್ತಾರೆ. ಈ ಜ್ಞಾನವೆಲ್ಲ ರಾಜ್ಯೋತ್ಸವದ ಮೆರವಣಿಗೆಯೊಂದನ್ನು ಬಸ್ ಸ್ಟ್ಯಾಂಡಿನ ಎದುರು ಹತ್ತು ನಿಮಿಷ ನಿಂತು ನೋಡಿದ್ದರಿಂದ ಬಂದದ್ದು. ಸಿದ್ದಿಯವರು ತಮ್ಮ ತಾಲೂಕಿನವರೇ, ಮೂಲ ಆಫ್ರಿಕಾದ್ದಾದರೂ ನೂರಾರು ವರ್ಷದಿಂದ ಇಲ್ಲೇ ಹೊಲ ಮಾಡಿಕೊಂಡು, ಕೂಲಿ ಮಾಡಿಕೊಂಡು ಇದ್ದವರು ಎನ್ನುವುದು ಅವರಿಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಡಬ್ಬಿಗೂ ಸಂಬಂಧವಿರುವುದಿಲ್ಲ.

ಹೀಗಿರುವಾಗ ಅವರ ಒಬ್ಬನೇ ಮಗ ಚನ್ನಬಸು ಒಂದು ಹುಡುಗಿಯನ್ನು ಮೆಚ್ಚಿದ. ಚನ್ನಬಸು ಲೈನ್‌ಮನ್. ಲೈನ್‌ಮನ್ನನಿಗೆ ಲೈನ್ ಹೊಡೆಯುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ ನೋಡಿ. ತಾಲೂಕಿನ ಅಂಚಿನಲ್ಲಿ, ಕಾಡಿಗೆ ತಾಗಿದ ಒಂದು ಸಣ್ಣ ಹಳ್ಳಿಯ ಅಂಚೆ ಕಚೇರಿಗೆ ಫ್ಯೂಜು ಹಾಕಲು ಹೋದ. ಆಮೇಲೆ ಆ ಕಚೇರಿಯ ಫ್ಯೂಜು ನಾಲ್ಕು ತಿಂಗಳು, ವಾರಕ್ಕೆರಡು ಸಲ, ಅವನು ಡ್ಯೂಟಿಯಲ್ಲಿದ್ದ ದಿನವೇ ಹೋಗತೊಡಗಿತು.

ಅಲ್ಲಿ ಟಪಾಲಿಗೆ ಠಸ್ಸೆ ಒತ್ತುತ್ತ ಕೂತವಳು ಜೆಸ್ಸಿಕಾ. ಸಿದ್ದಿಯವರ ಹುಡುಗಿ. ಮೂರು ತಾಲೂಕುಗಳಲ್ಲಿ ಅವಳಷ್ಟು ನಿಧಾನದ ಮನುಷ್ಯಪ್ರಾಣಿ ಇನ್ನೊಂದಿಲ್ಲ. ಒಂದು ಠಸ್ಸೆ ಒತ್ತಿ, ಅದು ನೆಟ್ಟಗೆ ಬಿತ್ತೇ ಎಂದು ನೋಡಿ, ಒಣಗಲೆಂದು ಊದಿ, ಆಮೇಲೆ ಎರಡನೆಯದಕ್ಕೆ ಕೈ ಹಾಕುತ್ತಾಳೆ. ಬಸ್ಸು ಬಿಟ್ಟರೆ ಓಡುವುದಿಲ್ಲ. ಹೋಗುವ ಬಸ್ಸನ್ನು ತಿರುವಿನವರೆಗೂ ಕಣ್ಣಲ್ಲೇ ಕಳಿಸಿಕೊಡುತ್ತಾಳೆ. ದಾಂಡೇಲಿಗೆ ಹೋದಾಗ ಬೋಟಿಂಗಿಗೆ ಬಂದ ಪ್ರವಾಸಿಗರು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, "ದೇಶ ನಿಮ್ದ ಐತಲ್ರಿ, ಅದ. ಪಿನ್ ಕೋಡ್ ಬೇಕೇನ್ರಿ? ಐದು ಎಂಟು ಒಂದು, ಮೂರು ಎರಡು ಒಂಬತ್ತು, ಬರ್ಕೋರಿ" ಎನ್ನುತ್ತಾಳೆ. ಅವರು ಬರೆದುಕೊಳ್ಳುವವರೆಗೂ ಕಾಯುತ್ತಾಳೆ.

ಚನ್ನಬಸು ತಾಯಿಗೆ ವಿಷಯ ತಿಳಿಸಿದ್ದು ಅವರು ಒಗ್ಗರಣೆ ಹಾಕುತ್ತಿದ್ದಾಗ. ಸಿಡಿಯುವುದೆಲ್ಲ ಒಟ್ಟಿಗೇ ಸಿಡಿಯಲಿ ಎಂದಿರಬೇಕು.

"ಯವ್ವಾ, ನಾ ಒಂದ ಹುಡುಗಿ ನೋಡೇನಿ."

"ಯಾರ ಪೈಕಿ?"

"ಅಂತೋನಿಯವರ ಮಗಳು. ಸಿದ್ದಿಯವರು. ಕ್ರಿಶ್ಚಿಯನ್."

ಶಾಂತಾದೇವಿಯವರ ಕೈಯ ಸೌಟು ನಿಂತಿತು. "ಒಂದೊಂದ ಹೇಳೋ ಭಾಡ್ಕೋ! ನನಗ ಬಿ.ಪಿ. ಐತಿ ಅನ್ನೂದರ ನೆನಪೈತೋ ಇಲ್ಲೋ?"

"ನೋಡಬೇ, ನೀ ಹೂಂ ಅಂದ್ರ ಲಗ್ನ. ಉಹುಂ ಅಂದ್ರ ಆಕಿ ಜೋಡಿನೂ ಇಲ್ಲ, ಮತ್ಯಾರ ಜೋಡಿನೂ ಇಲ್ಲ."

"ಏನ್ ಮಾಡಾಂವ ಹಂಗಾರ?"

"ಕಂಬ ಹತ್ತಿ ಕುಂಡ್ರತೇನಿ."

ಅವನು ಹೇಳಿದ್ದನ್ನು ಮಾಡುವವನು ಎನ್ನುವುದೇ ತೊಂದರೆಯಾಗಿತ್ತು. ಗಂಡ ಹೋದಾಗ ಮಗನಿಗೆ ಆರು ವರ್ಷ. ಅಂದಿನಿಂದ ಆ ಮನೆಯಲ್ಲಿ ಇಬ್ಬರೇ. ಸೊಸೆ ಬಾರದಿದ್ದರೆ ಮುಂದೆಯೂ ಇಬ್ಬರೇ, ಅದರಲ್ಲೊಬ್ಬ ಕಂಬದ ಮೇಲೆ.

ಒಂದು ವಾರ ಯೋಚಿಸಿ ಅವರು ನನ್ನ ಮನೆಗೆ ಬಂದರು. ನನ್ನ ಬಳಿ ಕಾರು ಇದೆ, ಇಲ್ಲವೆನ್ನುವ ಧೈರ್ಯ ಇಲ್ಲ; ಎರಡೂ ಅವರಿಗೆ ಗೊತ್ತು. ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ ಹುಡುಗಿಯ ಮನೆಗೆ ಹೊರಟೆವು. ಚನ್ನಬಸು ತನ್ನ ಬೈಕಿನಲ್ಲಿ ಮುಂದೆ. ಹಿಂದೆ ಕಾರಿನಲ್ಲಿ ಶಾಂತಾದೇವಿ ಬಾಯಿಬಿಟ್ಟರು.

"ನೋಡ್ರಿ, ನಾ ಒಲ್ಲೆ ಅನ್ನಾಕಿ ಅಲ್ಲ. ಒಲ್ಲೆ ಅಂದ್ರ ಮಗ ಕೆಡ್ತಾನ, ಮಂದಿನೂ ಆಡ್ಕೋತಾರ. ಏನರೆ ಎಡವಟ್ಟ ಅವರ ಕಡಿಂದನ ಆಗಬೇಕು."

"ಅವರು ಏನೂ ಎಡವಟ್ಟು ಮಾಡದಿದ್ದರೆ?"

"ಮಾಡ್ತಾರ. ಬೀಗರ ಮನ್ಯಾಗ ಎಡವಟ್ಟ ಆಗದ ಇರ್ತಾವೇನ್ರಿ? ಎಲ್ಲಾರ ಮನ್ಯಾಗೂ ಆಗ್ತಾವ. ನೋಡೂ ಕಣ್ಣ ಬೇಕಷ್ಟ."

ಅವರ ಚೀಲದಲ್ಲಿ ಎರಡು ಬಾಟಲಿ ನೀರಿತ್ತು. ಬಟ್ಟೆಯಲ್ಲಿ ಸುತ್ತಿದ ನಾಲ್ಕು ರೊಟ್ಟಿ ಇತ್ತು. ಅಲ್ಲಿ ಏನನ್ನೂ ಮುಟ್ಟದಿರಲು ಒಂದು ಉಪವಾಸವೂ ಸಿದ್ಧವಾಗಿತ್ತು. ಯಾವ ದೇವರ ಉಪವಾಸ ಎಂದು ಕೇಳಿದೆ. "ದಾರ್ಯಾಗ ಯಾವ ಗುಡಿ ಸಿಗ್ತೈತೋ ಆ ದೇವರದು" ಎಂದರು. ಬೀಗತನಕ್ಕೆ ಬೀಗ ಜಡಿಯಲು ಹೊರಟವರ ತಯಾರಿ ಹೀಗಿತ್ತು.

ಆ ಕಡೆಯ ಮನೆಯಲ್ಲಿ ನಡೆದ ತಯಾರಿ ನನಗೆ ಗೊತ್ತಾದದ್ದು ಆಮೇಲೆ. ಆದರೆ ಈಗಲೇ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ.

ಆ ಮನೆಯ ಯಜಮಾನ ಅಂತೋನಿ, ಜೆಸ್ಸಿಕಾಳ ಅಪ್ಪ. ಆದರೆ ಯಜಮಾನಿಕೆ ಮಾಡುವವರು ಅಂತೋನಿಯ ತಾಯಿ ನಾನಿಬಾಯಿ. ಎಪ್ಪತ್ತೆಂಟು ವರ್ಷ, ಹದಿನಾಲ್ಕು ಹಲ್ಲು, ಹದಿನಾಲ್ಕೂ ಹರಿತ. ಹುಟ್ಟಿದ್ದು ಮುಂಡಗೋಡದ ಕಡೆಯ ಹಿಂದೂ ಸಿದ್ದಿ ಮನೆಯಲ್ಲಿ; ಕೊಟ್ಟದ್ದು ಕ್ರಿಶ್ಚಿಯನ್ ಸಿದ್ದಿಯಾದ ಪೇದ್ರು ಅಜ್ಜನಿಗೆ; ತಂಗಿಯನ್ನು ಕೊಟ್ಟದ್ದು ಮುಸ್ಲಿಂ ಸಿದ್ದಿ ಮನೆಗೆ. ಹೀಗಾಗಿ ದಸರೆ, ಕ್ರಿಸ್ಮಸ್ಸು, ಈದು ಮೂರಕ್ಕೂ ಹೊಸ ಸೀರೆ ಕೇಳುವ ಹಕ್ಕು ಅವರಿಗಿತ್ತು, ಅದನ್ನು ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ.

ಅಭಿಪ್ರಾಯದ ಡಬ್ಬಿಗಳು ನಾನಿಬಾಯಿಯ ಬಳಿಯೂ ಇದ್ದವು. ಪೇಟೆಯ ದೊಡ್ಡ ಜಾತಿಯವರು ತಮ್ಮಂಥವರ ಮನೆಗೆ ಬಂದರೆ ನೀರು ಕುಡಿಯುವುದಿಲ್ಲ, ಮೀನು ಹುಡುಕುವವರ ಹಾಗೆ ಲೋಟದೊಳಗೆ ನೋಡುತ್ತ ಕೂರುತ್ತಾರೆ, ಆಮೇಲೆ ಮೆಲ್ಲಗೆ ಕಟ್ಟೆಯ ಮೇಲಿಡುತ್ತಾರೆ ಎನ್ನುವುದು ಒಂದು. ಇದು ಬರೀ ಡಬ್ಬಿಯಲ್ಲ. ಅಂಥ ಲೋಟಗಳನ್ನು ಅವರು ಆಯುಷ್ಯಪೂರ್ತಿ ಎತ್ತಿಟ್ಟಿದ್ದರು. ಆದ್ದರಿಂದ ಮಗನಿಗೆ ಹೇಳಿಬಿಟ್ಟಿದ್ದರು: "ನಮ್ಮನ್ಯಾಗ ಉಂಡ್ರ ಹುಡುಗಿ ಕೊಡೂದು. ಉಣದವರ ಮನಿಗೆ ನನ್ನ ಮೊಮ್ಮಗಳು ಹೋಗಿ ಏನ್ ಉಣ್ತಾಳ?"

ಇನ್ನು ಪೇದ್ರು ಅಜ್ಜ. ಅವರು ತೀರಿಕೊಂಡು ಒಂಬತ್ತು ವರ್ಷ. ಆದರೆ ಮನೆಬಿಟ್ಟು ಹೋಗಿರಲಿಲ್ಲ. ಆ ಮನೆಯ ರೂಢಿಯಂತೆ ಪ್ರತಿ ಮಹಾನವಮಿಗೆ ಒಂದು ಹೊಸ ತೆಂಗಿನಕಾಯಿ ತಂದು, ಅಡುಗೆಮನೆಯ ಮೂಲೆಯ ಮಣ್ಣಿನ ಕಟ್ಟೆಯ ಮೇಲೆ ಹಿರಿಯರೆಂದು ಕೂರಿಸುತ್ತಾರೆ. ಮುಂದಿನ ಮಹಾನವಮಿಯವರೆಗೆ ಅಲ್ಲಾಡಿಸುವಂತಿಲ್ಲ. ಮನೆ ಕಾಯುವವರೂ ಅವರೇ, ಮನೆಯ ಕಾಯಿಯೂ ಅವರೇ. ದಿನದ ಅಡುಗೆಯ ಮೊದಲ ತುತ್ತು ಅಜ್ಜನಿಗೆ, ಆಮೇಲೆ ಉಳಿದವರಿಗೆ. ಪಾದ್ರಿಗಳಿಗೂ ಇದು ಗೊತ್ತು. ಅವರು ಬಂದಾಗ ಆ ಮೂಲೆಯ ಕಡೆ ನೋಡುವುದಿಲ್ಲ, ಅಜ್ಜನೂ ಪಾದ್ರಿಗಳ ಕಡೆ ನೋಡುವುದಿಲ್ಲ.

ಅಂತೋನಿಗೆ ದಿಗಿಲಾದದ್ದು ಇಲ್ಲಿ. ತಾಯಿಗೆ ಹೇಳಿದ: "ಮಾಯ್, ಅವರು ಲಿಂಗಾಯತ್ರು. ಕೊರಳಾಗ ಲಿಂಗ ಕಟ್ಟಿದವರು, ಬ್ಯಾರೆ ಪೂಜಿ ಕಂಡ್ರ ಎದ್ದು ಹೋಗ್ತಾರಂತ. ಮತ್ತ ಗ್ವಾಡಿ ಮ್ಯಾಲ ಯೇಸು, ಮೂಲ್ಯಾಗ ಕಾಯಿ ನೋಡಿ ನಿಮ್ಮದು ಯಾವ ಧರ್ಮ ಅಂತ ಕೇಳಿದ್ರ ನಾ ಏನ್ ಹೇಳಲಿ? ಇವತ್ತೊಂದ ದಿನ ಅಪ್ಪನ್ನ ಸಾದಾ ಕಾಯಿ ಮಾಡೂಣು."

ಹೀಗಾಗಿ ಆ ದಿನ ಬೆಳಿಗ್ಗೆ ಕಟ್ಟೆಯ ಮೇಲಿನ ದೀಪ ತೆಗೆದರು. ಹೂವು ತೆಗೆದರು. ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮೊದಲ ತುತ್ತನ್ನು ಬೀಗರ ಊಟವಾದ ಮೇಲೆ ಕೊಡುವುದೆಂದು ಠರಾಯಿಸಿದರು. ನಾನಿಬಾಯಿ ಗೊಣಗಿದರು, ಆದರೆ ಒಪ್ಪಿದರು. ಪೇದ್ರು ಅಜ್ಜ ಬೋಳುತಲೆಯಲ್ಲಿ, ಕಟ್ಟೆಯ ಮೇಲೆ, ಜಗತ್ತಿನ ಯಾವುದೇ ತೆಂಗಿನಕಾಯಿಯ ಹಾಗೆ ಕೂತಿದ್ದರು.

ನಾವು ಹೋಗಿ ಕುಳಿತೆವು. ಹೊಸ ಸ್ಟೀಲ್ ಲೋಟಗಳಲ್ಲಿ ನೀರು ಬಂತು. ಲೋಟದ ತಳಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ಇವತ್ತ ನನ್ನ ಉಪವಾಸರೀ," ಎಂದರು ಶಾಂತಾದೇವಿ ಮುಖವನ್ನು ಭಕ್ತಿಯಿಂದ ಬಾಡಿಸಿಕೊಂಡು, "ನೀರೂ ಇಲ್ಲ."

ಅಂತೋನಿಯ ಮುಖ ಇಳಿಯಿತು. ನಾನಿಬಾಯಿ ಮಗನನ್ನು ನೋಡಿದರು. ಆ ನೋಟದಲ್ಲಿ 'ನಾ ಹೇಳಿರಲಿಲ್ಲೇನು' ಎನ್ನುವುದು ಸ್ಪಷ್ಟವಾಗಿತ್ತು. ಚನ್ನಬಸು ಗಾಬರಿಯಿಂದ ತನ್ನ ಲೋಟ ಕುಡಿದ, ತಾಯಿಯದೂ ಕುಡಿದ, ನನ್ನದಕ್ಕೂ ಕೈ ಹಾಕಿದ.

ಮಾತು ಶುರುವಾಗಬೇಕಲ್ಲ. ಶಾಂತಾದೇವಿ ಡಬ್ಬಿ ತೆರೆದರು. "ನಿಮ್ಮ ಹುಡುಗಿ ಭಾಳ ಛಂದ ಓಡ್ತಿರಬೇಕಲ್ರಿ?"

"ಓಡೂದು?" ಅಂತೋನಿ ಬೆಚ್ಚಿದ. "ಹಾವು ಬಂದ್ರ ನಿಂತು ಯಾವ ಹಾವು ಅಂತ ಕೇಳಾಕಿ ರೀ ಆಕಿ."

"ಕುಣಿಯೂದರ?"

"ಕುಣೀತಾಳ್ರಿ," ಎಂದರು ನಾನಿಬಾಯಿ. "ಆದ್ರ ನಾವು ಬ್ಯಾಡ ಅಂತೇವಿ. ಹೋದ ವರ್ಷ ಲಗ್ನದಾಗ ಕುಣಿದ್ಲು, ಡಮಾಮಿ ಬಾರಸಾಂವಗ ತಾಳ ತಪ್ಪಿ ಅವ ಎದ್ದು ಮನಿಗೆ ಹೋದ."

ಈಗ ಅಂತೋನಿಯ ಸರದಿ. "ನಿಮ್ಮೊಳಗ ಉಳ್ಳಾಗಡ್ಡಿ ನಡೀತೈತೇನ್ರಿ? ಬಳ್ಳೊಳ್ಳಿ? ಜೋರಾಗಿ ನಗೂದು?"

"ಅಯ್ಯ, ನಾವೇನ ಮಠದಾಗ ಇರ್ತೇವೇನ್ರಿ!"

"ಅಲ್ಲ, ಜ್ವಾಳದ ರೊಟ್ಟಿ ಇಲ್ಲಂದ್ರ ನೀವು ಬದುಕೂದ ಇಲ್ಲಂತ ಕೇಳೇನ್ರಿ. ಅದಕ್ಕ ಜೆಸ್ಸಿಕಾ ಮುಂಜಾನಿಂದ ರೊಟ್ಟಿಗೆ ಕುಂತಾಳ."

ಅನ್ನ ಉಣ್ಣುವ ಮನೆ ಅದು. ಯಾರೂ ಎಂದೂ ಜೋಳದ ರೊಟ್ಟಿ ತಟ್ಟಿದವರಲ್ಲ. ಆಗಲೇ ಒಳಗಿನಿಂದ ಸದ್ದು ಕೇಳಿಬಂತು. ರೊಟ್ಟಿ ತಟ್ಟುವ ಸದ್ದು ನಮ್ಮ ಕಡೆಯವರಿಗೆ ಗಡಿಯಾರದ ಸದ್ದಿದ್ದ ಹಾಗೆ: ಟಪ್, ಟಪ್, ಟಪ್, ಒಂದೇ ಸಮ. ಇದು ಹಾಗಿರಲಿಲ್ಲ. ಟಪ್. ಆಮೇಲೆ ಏನೂ ಇಲ್ಲ. ಟಟಪ್. ಏನೂ ಇಲ್ಲ. ಧಡ್. ಆಮೇಲೆ ಏನೋ ಕೆಳಗೆ ಬಿದ್ದ ಸದ್ದು, ಆಮೇಲೆ ಜೆಸ್ಸಿಕಾ ಅದನ್ನು ಸಮಾಧಾನ ಮಾಡುವಂತೆ "ಇರಲಿ, ಇರಲಿ" ಎಂದ ಸದ್ದು.

ಶಾಂತಾದೇವಿಯವರ ಬೆರಳುಗಳು ತೊಡೆಯ ಮೇಲೆ ಚಡಪಡಿಸಿದವು. ಸಿದ್ದಿಯವರ ರಕ್ತದಲ್ಲೇ ತಾಳ ಇರುತ್ತದೆ ಎಂದು ದಾರಿಯಲ್ಲಿ ನನಗೆ ಹೇಳಿದವರು ಅವರು. ಈಗ ತಾಳ ತಪ್ಪಿತ್ತು, ಅದರ ಹಿಂದೆಯೇ ತಾಳ್ಮೆಯೂ ತಪ್ಪಿತು. ಗಡಿಯಾರ ನೋಡಿದೆ. ನಾವು ಬಂದು ಹತ್ತು ನಿಮಿಷ ದಾಟಿತ್ತು.

"ಒಂದ ನಿಮಿಷರೀ," ಎಂದು ಅವರು ಎದ್ದರು. ಯಾರಿಗೂ ತಡೆಯಲಾಗಲಿಲ್ಲ.

ಒಳಗಿನ ಮಾತು ನಮಗೆ ಕೇಳುತ್ತಿತ್ತು.

"ಏನ ಇದು?"

"ರೊಟ್ಟಿ ರೀ, ಅತ್ತಿ."

"ರೊಟ್ಟಿ? ನಾ ಹಂಚ ಅಂತ ತಿಳ್ದಿದ್ದೆ. ಸರಿ ಅತ್ಲಾಗ. ಹಿಟ್ಟಿಗೆ ಕುದಿಯೂ ನೀರ ಹಾಕೀಯೇನು?"

"ಹಾಕೂದೈತೇನ್ರಿ?"

ಆಮೇಲೆ ಸಮನಾದ ಟಪ್ ಟಪ್ ಶುರುವಾಯಿತು. ಪಡಸಾಲೆಯಲ್ಲಿ ಅಂತೋನಿ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಫ್ಯಾನು ನಿಂತಿತು. ಲೈನ್‌ಮನ್ ಅಳಿಯನಾಗಬೇಕಾದ ಮನೆಯಲ್ಲೇ ಕರೆಂಟು ಹೋಗುವುದೆಂದರೆ! ಚನ್ನಬಸು ಅವಮಾನದಿಂದ ಕೆಂಪಾಗಿ, ಕಟಿಂಗ್ ಪ್ಲೇಯರ್ ಹಿಡಿದು ಕಂಬದ ಕಡೆ ನಡೆದ.

ರೊಟ್ಟಿ ಆದ ಮೇಲೆ ಶಾಂತಾದೇವಿ ಅಡುಗೆಯೆಲ್ಲ ಮುಚ್ಚಳ ತೆಗೆದು ನೋಡಿದರಂತೆ. ಬದನೆಕಾಯಿ ಇತ್ತು, ಬೇಳೆ ಇತ್ತು, ಚಟ್ನಿ ಇರಲಿಲ್ಲ. ಚಟ್ನಿ ಅವರ ಚಟ. ಮೆಣಸಿನಕಾಯಿ, ಕರಿಬೇವು ತರಲು ಜೆಸ್ಸಿಕಾಳನ್ನು ಹಿತ್ತಲಿಗೆ ಕಳಿಸಿದರು. ಬೇರೆಯವರಾದರೆ ಎರಡು ನಿಮಿಷದ ಕೆಲಸ. ಜೆಸ್ಸಿಕಾಳನ್ನು ಕಳಿಸಿದರೆ ಸಾಕಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವರು ಸುತ್ತ ನೋಡಿದರು. ಮೂಲೆಯಲ್ಲಿ, ಮಣ್ಣಿನ ಕಟ್ಟೆಯ ಮೇಲೆ, ಒಂದು ಕಾಯಿ.

ಹಿಂದೂ ಮನೆಯಾಗಿದ್ದರೆ ಅವರು ಮುಟ್ಟುತ್ತಿರಲಿಲ್ಲ. ಕೇಳುತ್ತಿದ್ದರು, ಯಾವ ದೇವರಿಗೆ ಮೀಸಲು ಎಂದು. ಆದರೆ ಇದು ಕ್ರಿಶ್ಚಿಯನ್ನರ ಮನೆ. ಕ್ರಿಶ್ಚಿಯನ್ನರ ದೇವರು ಗೋಡೆಯ ಮೇಲಿರುತ್ತಾನೆ, ಅಲ್ಲೇ ಇದ್ದ. ಅವರ ಕಾಯಿ ಬರೀ ಕಾಯಿ. ಹೀಗೆಂದು ಡಬ್ಬಿಯಲ್ಲಿ ಬರೆದಿತ್ತು. ಅವರು ಅಜ್ಜನನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒರಳುಕಲ್ಲಿನ ಅಂಚಿಗೆ ಒಂದೇ ಏಟು ಕೊಟ್ಟರು.

ಎಳನೀರಿನ ಹಾಗೆ ಸಿಹಿಯಾಗಿದ್ದ ಆ ಕಾಯಿನೀರನ್ನು ಲೋಟಕ್ಕೆ ಬಗ್ಗಿಸಿ, ಹಿರಿಯರೆಂಬ ಗೌರವದಿಂದ ತಾವೇ ತಂದು ನಾನಿಬಾಯಿಯ ಕೈಗಿತ್ತರು. ನಾನಿಬಾಯಿ ಗಟಗಟ ಕುಡಿದರು. ಲಿಂಗಾಯತರು ಬೀಗರ ಮನೆಗೆ ಬರುವಾಗ ಉಡಿಯಲ್ಲಿ ಕಾಯಿ ತಂದೇ ತರುತ್ತಾರೆ ಎನ್ನುವುದು ಅವರ ಡಬ್ಬಿಯಲ್ಲಿತ್ತು. ಕಾಯಿ ತುರಿದಾದ ಮೇಲೆ ಹಿತ್ತಲಿನಿಂದ ಬಂದ ಜೆಸ್ಸಿಕಾಳೂ ಹಾಗೇ ತಿಳಿದಳು. ಕರಟ ಒಲೆಗೆ ಹೋಯಿತು. ಕರೆಂಟಿಲ್ಲದ ಕಾರಣ ಚಟ್ನಿಯನ್ನು ಕೈಯಿಂದಲೇ ಅರೆದದ್ದಾಯಿತು.

ಊಟಕ್ಕೆ ಕೂತೆವು. ಶಾಂತಾದೇವಿ ಉಪವಾಸದವರಾದ್ದರಿಂದ ತಾವೇ ಬಡಿಸಿದರು. ಆ ಚಟ್ನಿಯ ರುಚಿಯನ್ನು ಈಗ ವರ್ಣಿಸುವುದು ಸರಿಯಲ್ಲ. ನಾನೂ ಎರಡು ಸಲ ಹಾಕಿಸಿಕೊಂಡೆ ಎಂದಷ್ಟೇ ಹೇಳುತ್ತೇನೆ. ನಾನಿಬಾಯಿ ಮೂರು ಸಲ.

"ಏನ್ ಚಟ್ನಿ ಮಾಡೀರಿ!" ಎಂದು ಬೆರಳು ನೆಕ್ಕಿದರು. "ಇಂಥಾದು ಅವಗ ಭಾಳ ಸೇರ್ತಿತ್ತು. ಪಾಪ, ಹಸ್ಕೊಂಡ ಕುಂತಾನ."

"ಯಾರ್ರೀ?" ಎಂದರು ಶಾಂತಾದೇವಿ.

"ಬೆಕ್ಕು ರೀ, ಬೆಕ್ಕು," ಎಂದ ಅಂತೋನಿ ಅವಸರದಿಂದ.

ಕೈತೊಳೆದ ಮೇಲೆ ನಾನಿಬಾಯಿ ಬಾಳೆ ಎಲೆಯ ತುಂಡಿನ ಮೇಲೆ ಅನ್ನ, ಪಲ್ಯ, ರೊಟ್ಟಿ, ಮೇಲೆ ದೊಡ್ಡ ಮುದ್ದೆ ಚಟ್ನಿ ಇಟ್ಟುಕೊಂಡು ಒಳಗೆ ಹೋದರು. ಆಮೇಲೆ ಅವರು ಎಲೆಯನ್ನು ಹಿಡಿದುಕೊಂಡೇ ಹೊರಗೆ ಬಂದರು.

"ಅಂತೋನಿ, ನಿಮ್ಮಪ್ಪ ಇಲ್ಲ."

ಎಲ್ಲರೂ ಅಡುಗೆಮನೆಗೆ ನುಗ್ಗಿದೆವು. ಕಟ್ಟೆ ಖಾಲಿ. ಅಂತೋನಿ ಕಟ್ಟೆಯನ್ನು ನೋಡಿದ. ಒರಳನ್ನು ನೋಡಿದ. ಒಲೆಯಲ್ಲಿ ಇನ್ನೂ ಕೆಂಪಗೆ ಹೊಳೆಯುತ್ತಿದ್ದ ಕರಟವನ್ನು ನೋಡಿದ. ಕೊನೆಗೆ ತಾಯಿಯ ಕೈಯ ಎಲೆಯನ್ನು ನೋಡಿದ. ಗಂಡನಿಗೆ ಬಡಿಸಲು ಹೋದರೆ ಗಂಡನೇ ಎಲೆಯ ಮೇಲಿದ್ದ.

"ಅತ್ತಿ," ಎಂದಳು ಜೆಸ್ಸಿಕಾ ನಿಧಾನವಾಗಿ, "ಆ ಕಾಯಿ ನೀವು ಊರಿಂದ ತಂದದ್ದಲ್ಲೇನ್ರಿ?"

"ನಾ ಯಾಕ ತರ್ಲಿ? ಇಲ್ಲೇ ಕಟ್ಟಿ ಮ್ಯಾಲ ಇತ್ತಲ್ಲ."

ಅಂತೋನಿ ವಿಷಯ ಬಿಡಿಸಿ ಹೇಳಿದ. ಹಿರಿಯರು, ಮಹಾನವಮಿ, ಮೊದಲ ತುತ್ತು, ಬೆಳಿಗ್ಗೆ ಒರೆಸಿದ ಕುಂಕುಮ, ಎಲ್ಲವನ್ನೂ. ಹೇಳುತ್ತ ಹೇಳುತ್ತ ಅವನಿಗೆ ಅಳುವೋ ನಗುವೋ ತಿಳಿಯದಾಯಿತು. "ಒಂಬತ್ತ ವರ್ಷದ ಹಿಂದ ಅಪ್ಪನ್ನ ಹೂಳಿ ಬಂದಿದ್ದೆ ರೀ. ಇವತ್ತ ಸುಟ್ಟಂಗೂ ಆತು."

ಶಾಂತಾದೇವಿ ಎದೆಯ ಮೇಲೆ ಕೈಯಿಟ್ಟುಕೊಂಡು ಒಲೆಯ ಪಕ್ಕ ಕುಸಿದರು. "ಶಿವನ! ಬೀಗರನ್ನ ಅರದ್ನೆಲ್ಲೋ! ನನಗ ಒಂದ ಮಾತ ಹೇಳಬಾರದಾಗಿತ್ತೇನ್ರಿ? ನಮ್ಮನ್ಯಾಗೂ ಹಿರೇರಿಗೆ ಎಡಿ ಇಡ್ತೇವಿ ನಾವೂ!"

"ನೀವೂ ಇಡ್ತೀರಿ?" ಎಂದ ಅಂತೋನಿ ಬಾಯಿಬಿಟ್ಟುಕೊಂಡು.

"ಮತ್ತ? ನಮ್ಮ ಹಿರೇರೇನ ಉಪವಾಸ ಇರ್ತಾರ?"

 ನಾನಿಬಾಯಿ ಎಲೆಯನ್ನು ಕಟ್ಟೆಯ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಒಂದೇ ಪ್ರಶ್ನೆ ಕೇಳಿದರು.

"ಕಾಯಿ ಹೆಂಗಿತ್ತು?"

ಅಂತೋನಿ ನಮಗೆ ಪಿಸುಗುಟ್ಟಿದ: ಹಿರಿಯರ ಕಾಯಿ ಒಡೆದಾಗ ಒಳಗೆ ಕೆಟ್ಟಿದ್ದರೆ, ಮನೆಯಲ್ಲಿ ನಡೆಯಬೇಕಾದ ಕೆಲಸವನ್ನು ಹಿರಿಯರು ಒಲ್ಲೆ ಅಂದಂತೆ. ಚೆನ್ನಾಗಿದ್ದರೆ ಹೂಂ ಅಂದಂತೆ. ಅದನ್ನು ಒಳಗನ್ನು ಕಣ್ಣಾರೆ ನೋಡಿದವರೇ ಹೇಳಬೇಕು, ಉಂಡವರ ನಾಲಿಗೆ ಲೆಕ್ಕಕ್ಕಿಲ್ಲ. ನೋಡಿದವರು ಒಬ್ಬರೇ.

ನಾನು ಶಾಂತಾದೇವಿಯವರ ಮುಖ ನೋಡಿದೆ. ದಾರಿಯುದ್ದಕ್ಕೂ ಬೇಡಿಕೊಂಡ ಎಡವಟ್ಟು ತಾನಾಗಿ ಬಂದು ಎಲೆಯ ಮೇಲೆ ಕೂತಿತ್ತು. 'ಕೆಟ್ಟಿತ್ತು' ಎಂದರೆ ಆಯಿತು. ಮೂರೇ ಅಕ್ಷರ. ಒಲ್ಲೆ ಎಂದವರು ಪೇದ್ರು ಅಜ್ಜ ಆಗುತ್ತಿದ್ದರು. ಮಗನ ಸಿಟ್ಟೂ ಇಲ್ಲ, ಮಂದಿಯ ಮಾತೂ ಇಲ್ಲ. ಬಾಗಿಲಲ್ಲಿ ಚನ್ನಬಸು ಬಂದು ನಿಂತಿದ್ದ, ಕೈಯಲ್ಲಿ ಪ್ಲೇಯರು, ಕಣ್ಣು ತಾಯಿಯ ಮೇಲೆ. ಜೆಸ್ಸಿಕಾ ಉಸಿರನ್ನೂ ನಿಧಾನವಾಗಿ ಬಿಡುತ್ತಿದ್ದಳು.

ಶಾಂತಾದೇವಿ ಬಾಯಿ ತೆರೆದರು. 'ಕೆ' ಎನ್ನುವ ಆಕಾರಕ್ಕೆ ತುಟಿ ಬಂದದ್ದನ್ನು ನಾನು ಕಂಡೆ.

"ಕೆಟ್ಟ ಕಾಯಿ," ಎಂದರು, ಮತ್ತು ಅಲ್ಲಿಗೇ ನಿಂತರು. ಅವರ ಕಿವಿಗೇ ಆ ಮಾತು ಬಿದ್ದಂತಿತ್ತು. ಮುಖ ಕೆಂಪಾಯಿತು. "ಕೆಟ್ಟ ಕಾಯಿ, ನನ್ನ ಕೈಯಾಗ? ಏನ್ ಕೇಳ್ತೀರಿ ನೀವು? ಹದಿನೆಂಟ ವರ್ಷ ಆತು ಅಡಗಿ ಮಾಡಾಕ ಹತ್ತಿ. ದಿನಾ ಮುನ್ನೂರ ಹುಡುಗೂರು. ಒಂದ ಹುಡುಗನ ಹೊಟ್ಟಿ ಒಂದ ದಿನ ನೋಯಿಸಿಲ್ಲ! ಕೆಟ್ಟ ಕಾಯಿ ಚಟ್ನಿಗೆ ಹಾಕಾಕಿ ಅಲ್ಲ ನಾನು! ಹಾಲಿನಂಗಿತ್ತು ಕಾಯಿ. ಬೆಳ್ಳಗ, ಗಟ್ಟಿ, ಸಿಹಿ. ನಾಕ ಸಲ ರುಚಿ ನೋಡೇನಿ!"

"ನಾಕ ಸಲ?" ಎಂದರು ನಾನಿಬಾಯಿ.

"ಮತ್ತ? ಒಮ್ಮೆ ಬರೀ ಕಾಯಿ, ಒಮ್ಮೆ ಉಪ್ಪಿಗೆ, ಒಮ್ಮೆ ಹುಳಿಗೆ, ಒಮ್ಮೆ..." ನಾಲ್ಕನೆಯದು ಯಾತಕ್ಕೆ ಎನ್ನುವುದು ಅವರಿಗೇ ಹೊಳೆಯಲಿಲ್ಲ. "ಒಮ್ಮೆ ಸುಮ್ನ. ಛಲೋ ಆಗಿತ್ತು."

"ಉಪವಾಸ ಅಂದಿದ್ರಿ."

ಅಡುಗೆಮನೆಯಲ್ಲಿ ಒಲೆಯ ಕರಟ ಚಟ್ ಎಂದಿತು.

ಶಾಂತಾದೇವಿ ಒಲೆಯ ಪಕ್ಕದಿಂದ ಎದ್ದು ನಿಂತರು. ನಾನು ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ತಪ್ಪೊಪ್ಪಿಕೊಂಡದ್ದನ್ನು ಅಂದೇ ಕಂಡದ್ದು. "ಸುಳ್ಳ ಹೇಳಿದ್ದೆ ರೀ," ಎಂದರು. "ನಿಮ್ಮನ್ಯಾಗ ನೀರ ಮುಟ್ಟಬಾರದಂತ ಬಂದಿದ್ದೆ. ನಿಮ್ಮ ಯಜಮಾನ್ರನ್ನ ತಿಂದ ಕುಂತೇನಿ."

ನಾನಿಬಾಯಿಯ ಹದಿನಾಲ್ಕು ಹಲ್ಲುಗಳು ಒಂದೊಂದಾಗಿ ಕಾಣತೊಡಗಿದವು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. ಆಮೇಲೆ ಅವರು ಕಟ್ಟೆಗೆ ಆತುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ. "ನಾವೇನ್ ಖರೇ ಹೇಳಿದ್ವಿ? ಐವತ್ತ ವರ್ಷ ಸಂಸಾರ ಮಾಡಿದಾಂವನ್ನ ಬೆಕ್ಕು ಅಂದ ನನ್ನ ಮಗ! ಇರಲಿ ಬಿಡ್ರಿ. ಇದ್ದಾಗ ಒಂದ ದಿನ ಅಡಗಿಮನಿ ಕೆಲಸಕ್ಕ ಬರಲಿಲ್ಲ ಅವ. ಸತ್ತ ಮ್ಯಾಲಾದ್ರೂ ಚಟ್ನಿಗೆ ಆದ."

"ನನಗೊಂದ ತಾಟ ಹಾಕ್ರಿ," ಎಂದರು ಶಾಂತಾದೇವಿ ಮೂಗೊರೆಸಿಕೊಳ್ಳುತ್ತ. "ಹಸಿವ್ಯಾಗೇತಿ. ನಾ ಮಾಡಿದ ರೊಟ್ಟಿ ಬ್ಯಾಡ. ಆ ಹಂಚು ಇದ್ದಾವಲ್ಲ, ಜೆಸ್ಸಿಕಾ ಮಾಡಿದ್ದು, ಅವನ್ನ ಹಾಕ್ರಿ."

ಹಾಕಿದರು. ತಿಂದರು. ತಿನ್ನುವ ಸದ್ದು ಹೊರಗೆ ನನ್ನ ಕಾರಿನವರೆಗೂ ಕೇಳಿರಬೇಕು. ನಡುವೆ ಎರಡು ಲೋಟ ನೀರು ಕುಡಿದರು, ಆ ಮನೆಯ ಕೊಡದ್ದೇ. ಆ ರೊಟ್ಟಿಗೆ ನೀರಿಲ್ಲದೆ ಉಪಾಯವೂ ಇರಲಿಲ್ಲ.

ಆದರೆ ಕೆಲಸ ಮುಗಿದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಅಜ್ಜ ಮತ್ತೆ ಕಟ್ಟೆಗೆ ಬರಬೇಕು. ಅಂತೋನಿ ಪಕ್ಕದ ಮನೆಯಿಂದ ಮೂರು ಕಾಯಿ ತಂದ. ಶಾಂತಾದೇವಿ ಮೂರನ್ನೂ ಬಡಿದು ನೋಡಿ ಎರಡನ್ನು ವಾಪಸು ಕಳಿಸಿದರು. ಅಂತೋನಿ ಉಳಿದದ್ದನ್ನು ಎತ್ತಿಕೊಳ್ಳಲು ಹೋದ.

"ನೀ ಅಲ್ಲ," ಎಂದರು ನಾನಿಬಾಯಿ. "ಇಳಿಸಿದವರ ಏರಸಬೇಕು. ನಮ್ಮನ್ಯಾಗ ಹಂಗ ಐತಿ."

"ನಾನ?" ಎಂದು ಶಾಂತಾದೇವಿ ಮುಂದೆ ಬಂದರು.

"ಆದ್ರ ಹೊರಗಿನವರು ಇಡೂಹಂಗಿಲ್ಲ. ಮನಿಯವರ ಇಡಬೇಕು. ಅದೂ ನಮ್ಮನ್ಯಾಗ ಹಂಗ ಐತಿ." ಇದರಲ್ಲಿ ಎಷ್ಟು ಹಳೆಯ ರೂಢಿ, ಎಷ್ಟು ಆ ಗಳಿಗೆಯಲ್ಲಿ ಹೊಲಿದದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೋನಿ ಮಾತ್ರ ತಾಯಿಯನ್ನು ಅಚ್ಚರಿಯಿಂದ ನೋಡುತ್ತಿದ್ದ.

ಶಾಂತಾದೇವಿ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಮಗನನ್ನು ನೋಡಿದರು, ಜೆಸ್ಸಿಕಾಳನ್ನು ನೋಡಿದರು. "ಬೀಗ್ತಿ ಹೊರಗಿನಾಕಿ ಅಲ್ಲಲ್ರಿ?" ಎಂದು ಕೇಳಿದರು.

"ಅಲ್ಲ," ಎಂದರು ನಾನಿಬಾಯಿ. "ಬೀಗ್ತಿ ಒಳಗಿನಾಕಿನ."

ಕಟ್ಟೆಯ ಮೇಲೆ ದೀಪ ಬಂತು, ಹೂವು ಬಂತು, ಕುಂಕುಮ ಬಂತು. ಕಾಯಿ ಇಡುವ ಮುಂಚೆ ಶಾಂತಾದೇವಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನಮ್ಮ ಕಡೆ ಹೆಣ್ಣುಮಕ್ಕಳು ಹಿರಿಯ ಬೀಗರ ಎದುರು ಬರಿದಲೆಯಲ್ಲಿ ನಿಲ್ಲುವುದಿಲ್ಲ. ಕಾಯಿಯನ್ನು ಮೆಲ್ಲಗೆ ಕೂರಿಸಿ, ತಗ್ಗಿದ ದನಿಯಲ್ಲಿ ಅಂದರು:

"ಬೀಗರ, ಶರಣರಿ. ಗುರ್ತ ಸಿಗಲಿಲ್ಲ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿಮ್ಮ ಮೊಮ್ಮಗಳನ್ನ ನಮ್ಮ ಮನಿಗೆ ಕಳಸ್ರಿ. ರೊಟ್ಟಿ ನಾ ಕಲಸ್ತೇನಿ."

"ಅವಗ ಕಿವಿ ಸಲ್ಪ ಮಂದ," ಎಂದರು ಹಿಂದಿನಿಂದ ನಾನಿಬಾಯಿ. "ಜೋರಾಗಿ ಹೇಳ್ರಿ."

ಶಾಂತಾದೇವಿ ಜೋರಾಗಿ ಹೇಳಿದರು. ಮುನ್ನೂರು ಮಕ್ಕಳನ್ನು ಊಟಕ್ಕೆ ಕರೆಯುವ ದನಿ ಅದು. ಅಕ್ಕಪಕ್ಕದ ಮನೆಯವರು ಏನಾಯಿತೆಂದು ಅಂಗಳಕ್ಕೆ ಓಡಿಬಂದರು.

"ಏನಿಲ್ಲರೀ," ಎಂದು ಅಂತೋನಿ ಬಾಗಿಲಿನಿಂದ ಕೂಗಿ ಹೇಳಿದ, "ನಿಶ್ಚೆ ಆತು. ಅಪ್ಪ ಒಪ್ಪ್ಯಾನ."